ಹರಾಜಿನಲ್ಲಿ ಸಿಗದ ಸರಪಳಿ

2025ರ ಮೇ ಕೊನೆ. ಬಿತ್ತನೆಗೆ ಹೊಲ ಹಸನು ಮಾಡಿಕೊಂಡು ಕೂತ ದಿನಗಳು. ಜೇವರ್ಗಿ ತಾಲ್ಲೂಕಿನ ನಮ್ಮ ಇಜೇರಿಯ ಚಹಾದ ಹೋಟೆಲಿನ ಕಟ್ಟೆ ಮೇಲೆ ಆರೇಳು ಹುಡುಗರು ಒಂದೇ ಮೊಬೈಲಿಗೆ ತಲೆ ಕೊಟ್ಟು ಕೂತಿದ್ದರು. ಮುಂಬೈಯಲ್ಲಿ ಪ್ರೊ ಕಬಡ್ಡಿಯ ಹನ್ನೆರಡನೇ ಸೀಸನ್ನಿನ ಹರಾಜು ನಡೆದಿತ್ತು. ಹಿಂದಿನ ಸೀಸನ್ನಿನಲ್ಲಿ ಬೆಂಗಳೂರು ಬುಲ್ಸ್ 22 ಪಂದ್ಯ ಆಡಿ ಎರಡೇ ಎರಡು ಗೆದ್ದು, ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯದಾಗಿ ಕೂತಿತ್ತು. ಆ ಸಂಕಟ ಹುಡುಗರ ಮುಖದ ಮೇಲೆ ಇನ್ನೂ ಆರಿರಲಿಲ್ಲ.

‘ಪವನ್‌ಗ ಬಿಟ್ಟು ತಪ್ಪು ಮಾಡ್ಯಾರ್ರಿ ಕಾಕಾ’ ಎಂದ ಒಬ್ಬ, ಬುಲ್ಸ್‌ನ ಹಳೆಯ ರೇಡರ್ ಪವನ್ ಸೆಹ್ರಾವತ್‌ನನ್ನು ನೆನೆದು. ‘ಅಂವ ಇದ್ದಿದ್ರ ಬುಲ್ಸ್‌ಗ ಈ ಗತಿ ಬರ್ತಿರಲಿಲ್ಲ. ಈ ಸಲ ಎರಡು ಕೋಟಿ ಹೋದ್ರೂ ಹೋಗ್ಲಿ, ಒಬ್ಬ ದೊಡ್ಡ ರೇಡರ್‌ಗ ತರಬೇಕು ನೋಡ್ರಿ.’ ಉಳಿದವರೆಲ್ಲ ಹೌದೆಂದು ತಲೆಯಾಡಿಸಿದರು.

ಇದು ಇಜೇರಿಯ ಹುಡುಗರ ಮಾತಷ್ಟೇ ಅಲ್ಲ. ಕಲಬುರಗಿಯಲ್ಲಿ ಕೇಳಿ, ಬೆಂಗಳೂರಿನಲ್ಲಿ ಕೇಳಿ, ಬುಲ್ಸ್ ಅಭಿಮಾನಿ ಎನ್ನುವವರ ಬಾಯಲ್ಲಿ ಬರುವುದು ಇದೇ ತೀರ್ಪು. ತಂಡ ಕೆಟ್ಟಿದ್ದು ತಾರೆಯನ್ನು ಕಳೆದುಕೊಂಡಿದ್ದರಿಂದ, ಮತ್ತೆ ಕಟ್ಟಬೇಕಾದರೆ ಇನ್ನೊಬ್ಬ ತಾರೆಯನ್ನು ಕೊಳ್ಳಬೇಕು. ಈ ಮಾತು ತಪ್ಪು ಎನ್ನುವುದು ನನ್ನ ವಾದ. ಕಬಡ್ಡಿಯನ್ನು ಪ್ರೀತಿಸುವ ಊರಿಗೆ ಇದು ನಷ್ಟ ತರುವ ತಪ್ಪು ಎಂದೂ ನಂಬಿದ್ದೇನೆ.

ಹುಡುಗರ ಭಾವನೆ ಸುಳ್ಳಲ್ಲ, ಅದನ್ನು ಮೊದಲು ಒಪ್ಪಿಕೊಳ್ಳುತ್ತೇನೆ. 2019ರ ಜನವರಿ 5ರಂದು ಮುಂಬೈಯ ಫೈನಲಿನಲ್ಲಿ ಗುಜರಾತ್ ಮೇಲೆ ಬುಲ್ಸ್ 38-33ರಿಂದ ಗೆದ್ದಾಗ ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದ. ಆ ರಾತ್ರಿಯನ್ನು ನೋಡಿದವರು ಮರೆಯಲಾರರು. ಆದರೆ ಅಂದು ಆಡಿದ ಪವನ್ ಎಲ್ಲಿಂದ ಬಂದವನು ಎಂದು ಯಾರೂ ನೆನೆಯುವುದಿಲ್ಲ. ಅವನು ಮೊದಲು ಬುಲ್ಸ್‌ನಲ್ಲೇ ಇದ್ದ ಹುಡುಗ. ಆಮೇಲೆ ಐದನೇ ಸೀಸನ್ನಿಗೆ ಗುಜರಾತ್‌ಗೆ ಹೋಗಿ ಅಲ್ಲಿ ಹೆಚ್ಚು ದಿನ ಅಂಕಣದ ಹೊರಗೇ ಕೂತ. ಆರನೇ ಸೀಸನ್ನಿಗೆ ಬುಲ್ಸ್ ಅವನನ್ನು ತಂದಿದ್ದು 52.80 ಲಕ್ಷಕ್ಕೆ. ಅದೇ ಹರಾಜಿನಲ್ಲಿ ಆರು ಜನ ಕೋಟಿ ಮುಟ್ಟಿದ್ದರು. ಎಲ್ಲರಿಗಿಂತ ದುಬಾರಿಯಾದ ಮೋನು ಗೋಯತ್ 1.51 ಕೋಟಿಗೆ ಹರಿಯಾಣ ಸ್ಟೀಲರ್ಸ್ ಸೇರಿದ. ಆ ವರ್ಷ ಹರಿಯಾಣ ತನ್ನ ವಲಯದಲ್ಲಿ ಕೊನೆಗೆ ಬಿತ್ತು. ಕಪ್ ಎತ್ತಿದ ಬುಲ್ಸ್‌ನಲ್ಲಿ ಆ ಆರು ಕೋಟ್ಯಧಿಪತಿಗಳಲ್ಲಿ ಒಬ್ಬನೂ ಇರಲಿಲ್ಲ. ಇಂದು ನಾವು ಯಾರನ್ನು ಕಳೆದುಕೊಂಡೆವೆಂದು ಅಳುತ್ತೇವೋ ಆ ಪವನ್ ಹರಾಜಿನಲ್ಲಿ ಸಿದ್ಧವಾಗಿ ಸಿಕ್ಕವನಲ್ಲ. ಬೇರೆಯವರು ಕೂರಿಸಿಟ್ಟ ಹುಡುಗನನ್ನು ಒಂದು ತಂಡ ನಂಬಿ ಆಡಿಸಿತು, ಅವನು ತಾರೆಯಾದ.

ಅವನು ಹೋದ ಮೇಲೆ ಏನಾಯಿತು ಎಂಬುದನ್ನೂ ನೋಡಬೇಕು. 2022ರಲ್ಲಿ ತಮಿಳ್ ತಲೈವಾಸ್ ಪವನ್‌ಗೆ 2.26 ಕೋಟಿ ಕೊಟ್ಟಿತು. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟಾಗಿ ಅವನ ಸೀಸನ್ ಮುಗಿದುಹೋಯಿತು. ಅದು ಅವನ ತಪ್ಪಲ್ಲ. ಆದರೆ ತಂಡದ ಹಣದ ದೊಡ್ಡ ಪಾಲನ್ನು ಒಬ್ಬನ ಎರಡು ಮೊಣಕಾಲುಗಳ ಮೇಲೆ ಇಟ್ಟರೆ ಆಗುವ ಅಪಾಯ ಅದು. ಮರುವರ್ಷ ತೆಲುಗು ಟೈಟಾನ್ಸ್ 2.605 ಕೋಟಿ ಕೊಟ್ಟು ಅವನನ್ನು ನಾಯಕನನ್ನಾಗಿ ಮಾಡಿತು. ಅವನು ಆಡಿದ, ಅಂಕವನ್ನೂ ತಂದ. ತಂಡ ಮಾತ್ರ 22ರಲ್ಲಿ ಎರಡು ಪಂದ್ಯ ಗೆದ್ದು ಕೊನೆಯ ಸ್ಥಾನದಲ್ಲಿ ಉಳಿಯಿತು. ಪವನ್ ಇಲ್ಲದೆ ಬುಲ್ಸ್ ಕೊನೆಗೆ ಬಿದ್ದಾಗ ಗೆದ್ದಿದ್ದೂ ಎರಡೇ, ಪವನ್ ಇದ್ದೂ ಟೈಟಾನ್ಸ್ ಗೆದ್ದಿದ್ದೂ ಎರಡೇ. ‘ಅಂವ ಇದ್ದಿದ್ರ’ ಎನ್ನುವ ಮಾತಿಗೆ ಇದಕ್ಕಿಂತ ನೇರ ಉತ್ತರ ನನಗೆ ಗೊತ್ತಿಲ್ಲ.

ಪವನ್ ಹೋದ 2022ರ ಆ ಒಂಬತ್ತನೇ ಸೀಸನ್ನಿನಲ್ಲಿ ಬುಲ್ಸ್ ಮುಳುಗಲಿಲ್ಲ, ಸೆಮಿಫೈನಲ್ ತಲುಪಿತು. ಅವನ ಜಾಗ ತುಂಬಲೆಂದು 1.70 ಕೋಟಿ ಕೊಟ್ಟು ವಿಕಾಸ್ ಕಂಡೋಲನನ್ನು ತಂದಿದ್ದರು. ಆದರೆ ಭಾರ ಹೊತ್ತವನು ಭರತ್ ಹೂಡಾ. ಹಿಂದಿನ ಸೀಸನ್ನಿನಲ್ಲಷ್ಟೇ ಹೊಸ ಹುಡುಗನಾಗಿ ತಂಡಕ್ಕೆ ಬಂದು ಅಲ್ಲೇ ಬೆಳೆದವನು. ಆ ವರ್ಷ ಇಡೀ ಲೀಗಿನ ರೇಡ್ ಅಂಕಗಳ ಪಟ್ಟಿಯಲ್ಲಿ ಅರ್ಜುನ್ ದೇಶ್ವಾಲ್ ನಂತರ ಎರಡನೆಯವನಾಗಿ ನಿಂತ.

ಹಾಗಾದರೆ ತಂಡ ಕೆಟ್ಟಿದ್ದು ಯಾವಾಗ? ನನ್ನ ಎಣಿಕೆಯಲ್ಲಿ ಪವನ್‌ನನ್ನು ಬಿಟ್ಟಾಗ ಅಲ್ಲ, ಭರತ್‌ನನ್ನು ಬಿಟ್ಟಾಗ. ಹತ್ತನೇ ಸೀಸನ್ ಅವನಿಗೂ ತಂಡಕ್ಕೂ ಒಗ್ಗಲಿಲ್ಲ, ಬುಲ್ಸ್ ಎಂಟನೆಯದಾಯಿತು. ಅಷ್ಟಕ್ಕೇ ತಾಳ್ಮೆ ತಪ್ಪಿತು. 2024ರಲ್ಲಿ ಭರತ್ 1.30 ಕೋಟಿಗೆ ಯುಪಿ ಯೋಧಾಸ್ ಪಾಲಾದ. ಬುಲ್ಸ್ 70 ಲಕ್ಷಕ್ಕೆ ಪ್ರದೀಪ್ ನರ್ವಾಲ್‌ನನ್ನು, 1.107 ಕೋಟಿಗೆ ಅಜಿಂಕ್ಯ ಪವಾರ್‌ನನ್ನು ತಂದಿತು. ಪ್ರದೀಪ್ ಸಣ್ಣ ಆಟಗಾರನಲ್ಲ. ಐದನೇ ಸೀಸನ್ನಿನಲ್ಲಿ 369 ರೇಡ್ ಅಂಕ ತಂದವನು, 2015ರಲ್ಲಿ ಇದೇ ಬುಲ್ಸ್‌ನಿಂದ ಆಟ ಶುರು ಮಾಡಿದವನು. ಮಗ ಮನೆಗೆ ಬಂದ ಎಂದು ನಾವೆಲ್ಲ ಸಂಭ್ರಮಿಸಿದೆವು, ನಾನೂ ಸಂಭ್ರಮಿಸಿದೆ. ಆದರೆ ತಂಡ ತಂದಿದ್ದು ಹಳೆಯ ಹೆಸರನ್ನು, ಕಳೆದುಕೊಂಡಿದ್ದು ಮುಂದಿನ ಐದು ವರ್ಷವನ್ನು. ಆ ಸೀಸನ್ನಿನಲ್ಲೇ ಬುಲ್ಸ್ ತಳ ಕಂಡಿತು. ಮರುವರ್ಷದ ಹರಾಜಿನಲ್ಲಿ ಪ್ರದೀಪ್‌ನನ್ನು ಯಾವ ತಂಡವೂ ಕೊಳ್ಳಲಿಲ್ಲ, ಅವನು ಆಟಕ್ಕೆ ವಿದಾಯ ಹೇಳಿದ.

ಇಷ್ಟು ಹೇಳಿದಾಗ ಕಟ್ಟೆ ಮೇಲಿನ ಹುಡುಗನೊಬ್ಬ ಒಳ್ಳೆಯ ಪ್ರಶ್ನೆ ಹಾಕಿದ. ‘ಹಂಗಿದ್ರ ಶಾದ್ಲೂಯಿದು ಏನಂತೀರಿ ಕಾಕಾ? ಅಂವ ಹೋದಲ್ಲೆಲ್ಲಾ ಕಪ್ ಬಂದದಲ್ಲ?’

ಸರಿಯಾದ ಪ್ರಶ್ನೆ. ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿಗೆ ಹತ್ತನೇ ಸೀಸನ್ನಿನಲ್ಲಿ ಪುಣೇರಿ ಪಲ್ಟನ್ 2.35 ಕೋಟಿ ಕೊಟ್ಟು ಕಪ್ ಗೆದ್ದಿತು. ಹನ್ನೊಂದರಲ್ಲಿ ಹರಿಯಾಣ ಸ್ಟೀಲರ್ಸ್ 2.07 ಕೋಟಿ ಕೊಟ್ಟು ಕಪ್ ಗೆದ್ದಿತು. ಆದರೆ ಅವನು ಕಾಲಿಟ್ಟ ಆ ಎರಡೂ ಮನೆಗಳು ಹೇಗಿದ್ದವು? ಪುಣೆ ಹಿಂದಿನ ವರ್ಷವೇ ಫೈನಲ್ ಆಡಿತ್ತು. ಅಸ್ಲಂ ಇನಾಮದಾರ್, ಮೋಹಿತ್ ಗೋಯತ್ ಅಂಥ ಹುಡುಗರನ್ನು ವರ್ಷಗಟ್ಟಲೆ ಸಾಕಿ ಬೆಳೆಸಿತ್ತು. ಹರಿಯಾಣವೂ ಅವನು ಬರುವ ಮುಂಚೆ, ಹತ್ತನೇ ಸೀಸನ್ನಿನ ಫೈನಲಿನಲ್ಲಿ ಇದೇ ಪುಣೆಗೆ 28-25ರಿಂದ ಸೋತ ತಂಡ. ಎರಡೂ ಕಡೆ ಗೋಡೆ ಎದ್ದಿತ್ತು, ಶಾದ್ಲೂಯಿ ಬಂದು ತೊಲೆಯಾದ. ಹನ್ನೆರಡನೇ ಸೀಸನ್ನಿನಲ್ಲಿ ಗುಜರಾತ್ ಜೈಂಟ್ಸ್ ಅದೇ ಆಟಗಾರನಿಗೆ 2.23 ಕೋಟಿ ಕೊಟ್ಟಿತು, ಅದು ಆ ಹರಾಜಿನಲ್ಲೇ ಅತಿ ದೊಡ್ಡ ಬೆಲೆ. ಗುಜರಾತ್ ಪ್ಲೇಆಫ್ ಸಹ ಮುಟ್ಟಲಿಲ್ಲ. ಆಟಗಾರ ಅವನೇ, ಗೋಡೆಯಿಲ್ಲದ ಮನೆಗೆ ತೊಲೆ ತಂದರೆ ಅದನ್ನು ಎಲ್ಲಿ ಇಡುವುದು?

ಕಬಡ್ಡಿಯಲ್ಲಿ ಗೋಡೆ ಎಂದರೆ ಏನೆಂದು ನಮ್ಮೂರಿನವರಿಗೆ ನಾನು ಹೇಳಿಕೊಡಬೇಕಿಲ್ಲ. ಆದರೂ ಟಿವಿಯಲ್ಲಿ ರೇಡರನ ಕಾಲನ್ನೇ ನೋಡುವ ನಾವು ಎದುರಿನ ಸಾಲನ್ನು ನೋಡುವುದು ಕಡಿಮೆ. ಮೂಲೆಯಲ್ಲಿ ನಿಂತ ಕಾರ್ನರ್, ಅವನ ಒಳಮಗ್ಗುಲಿಗೆ ನಿಂತವನು. ಒಬ್ಬರ ಕೈ ಇನ್ನೊಬ್ಬರ ಕೈಯಲ್ಲಿ. ರೇಡರ್ ಬೋನಸ್ ಗೆರೆಯತ್ತ ಕಾಲು ಚಾಚಿದ ಗಳಿಗೆಗೆ ಕಾರ್ನರ್ ಹಿಮ್ಮಡಿಗೆ ಕೈ ಹಾಕುತ್ತಾನೆ. ಆ ಹೊತ್ತಿಗೆ ಹಿಡಿದ ಕೈ ಬಿಡಬೇಕು. ಒಳಮಗ್ಗುಲಿನವನು ಅದೇ ಉಸಿರಿಗೆ ಮುಂದೆ ನುಗ್ಗಿ ಸೊಂಟಕ್ಕೆ ಬಿದ್ದು ನಡುಗೆರೆಯ ದಾರಿ ಕಟ್ಟಬೇಕು. ಕಣ್ಣು ಮಿಟುಕಿಸುವಷ್ಟು ಮುಂಚೆ ಬಿದ್ದರೆ ರೇಡರ್ ಹಾರಿ ಹೋಗುತ್ತಾನೆ, ಅಷ್ಟೇ ತಡವಾದರೆ ಇಬ್ಬರೂ ಔಟ್. ಇದನ್ನು ಅವರು ಮಾತಾಡಿಕೊಂಡು ಮಾಡುವುದಿಲ್ಲ. ಅಂಗೈಯ ಬಿಗಿ ಸಡಿಲವಾದದ್ದೇ ಸೂಚನೆ. ಆ ಬಿಗಿಯ ಭಾಷೆ ಇಬ್ಬರಿಗೂ ಬರಬೇಕಾದರೆ ತಿಂಗಳುಗಟ್ಟಲೆ ಒಟ್ಟಿಗೆ ಬೀಳಬೇಕು, ಏಳಬೇಕು, ಒಬ್ಬರ ತಪ್ಪಿಗೆ ಇನ್ನೊಬ್ಬರು ಔಟಾಗಬೇಕು. ಹರಾಜಿನಲ್ಲಿ ಎರಡು ಕೈಗಳನ್ನು ಕೊಳ್ಳಬಹುದು, ಆ ಸರಪಳಿಯನ್ನು ಯಾರೂ ಮಾರುವುದಿಲ್ಲ. ಪ್ರತಿವರ್ಷ ಅರ್ಧ ತಂಡ ಬದಲಿಸಿ ಎಂದು ಕೂಗುವ ಅಭಿಮಾನಿ ತನಗೆ ಅರಿವಿಲ್ಲದೆಯೇ ಈ ಸರಪಳಿ ಕಡಿಯಿರಿ ಎಂದು ಕೇಳುತ್ತಿರುತ್ತಾನೆ.

ಹನ್ನೆರಡನೇ ಸೀಸನ್ನಿನ ಬುಲ್ಸ್ ಈ ಮಾತಿಗೆ ವಿರುದ್ಧ ಸಾಕ್ಷಿ ಎನ್ನುವವರೂ ಇದ್ದಾರೆ. ಬಹುಪಾಲು ಹೊಸ ತಂಡ, ಆದರೂ ತಳದಿಂದ ಎದ್ದು ಲೀಗ್ ಹಂತದಲ್ಲಿ ಮೂರನೇ ಸ್ಥಾನಕ್ಕೆ ಬಂತು. ಒಂದೇ ವರ್ಷದಲ್ಲಿ ಕಟ್ಟಿದರಲ್ಲ ಎನ್ನುತ್ತಾರೆ. ಆದರೆ ಮೊದಲು ಬದಲಾದದ್ದು ರೇಡರ್ ಅಲ್ಲ, ಗುರು. ಮೊದಲ ಸೀಸನ್ನಿನಿಂದ ಇದ್ದ ರಣಧೀರ್ ಸಿಂಗ್ ಸೆಹ್ರಾವತ್ ಜಾಗಕ್ಕೆ ನಮ್ಮ ಕರ್ನಾಟಕದ ಬಿ.ಸಿ. ರಮೇಶ್ ಬಂದರು. ಬೆಂಗಾಲ್ ವಾರಿಯರ್ಸ್‌ಗೆ 2019ರಲ್ಲಿ ಕಪ್ ಗೆಲ್ಲಿಸಿದವರು, ಪುಣೆಯ ಹುಡುಗರನ್ನು ಚಾಂಪಿಯನ್ನರನ್ನಾಗಿ ಮಾಡಿದವರು. ಬುಲ್ಸ್ ಆ ಹರಾಜಿನಲ್ಲಿ ಕೋಟಿ ದಾಟಿದ್ದು ಒಬ್ಬನಿಗೆ ಮಾತ್ರ, ಯೋಗೇಶ್ ದಹಿಯಾಗೆ. ಅವನು ರೇಡರ್ ಅಲ್ಲ, ಡಿಫೆಂಡರ್. ಇನ್ನೊಂದು ಮೂಲೆಯಲ್ಲಿ ದೀಪಕ್ ಶಂಕರ್ ಎಂಬ ಹುಡುಗ. ದಾಳಿಯ ಭಾರ ಹೊತ್ತ ಇರಾನಿನ ಅಲಿರೆಜಾ ಮಿರ್ಜಾಯಿಯನ್ ಹೆಸರನ್ನು ಹರಾಜಿನ ದಿನ ನಮ್ಮ ಕಟ್ಟೆ ಮೇಲೆ ಯಾರೂ ಎತ್ತಿರಲಿಲ್ಲ. ಆರಂಭದ ಪಂದ್ಯಗಳನ್ನು ಸೋತಾಗ ನಾವು ಮತ್ತೆ ‘ದೊಡ್ಡ ಹೆಸರು ಇಲ್ಲ’ ಎಂದು ಗೊಣಗಿದೆವು. ತಂಡ ಆ ಗೊಣಗಾಟಕ್ಕೆ ಬಗ್ಗಲಿಲ್ಲ, ಪ್ಲೇಆಫ್ ತನಕ ಹೋಗಿ ಅಲ್ಲಿ ಸೋತಿತು. ಕಪ್ ಬರಲಿಲ್ಲ, ಗೋಡೆ ಎದ್ದಿತು. ಈಗ ಅದನ್ನು ಕೆಡವಬೇಡಿ ಎನ್ನುವುದಷ್ಟೇ ಅಭಿಮಾನಿ ಇಡಬಹುದಾದ ನ್ಯಾಯವಾದ ಬೇಡಿಕೆ.

ಕ್ರಿಕೆಟಿನಲ್ಲೂ ಇದೇ ಕಥೆ. 2022ರ ಐಪಿಎಲ್ ಹರಾಜಿನಲ್ಲಿ ಯಾರೂ ಕೊಳ್ಳದ ರಜತ್ ಪಾಟೀದಾರ್ ಗಾಯಗೊಂಡ ಲವ್ನೀತ್ ಸಿಸೋಡಿಯಾ ಬದಲಿಗೆ 20 ಲಕ್ಷಕ್ಕೆ ಆರ್‌ಸಿಬಿ ಸೇರಿದ. 2025ರ ಜೂನ್ 3ರಂದು ಹದಿನೆಂಟು ವರ್ಷ ಕಾದ ಕಪ್ಪನ್ನು ಎತ್ತಿದ ನಾಯಕ ಅವನೇ.

ಈಗ ನಮ್ಮ ಊರಿನ ಮಾತಿಗೆ ಬರುತ್ತೇನೆ, ಇಷ್ಟೆಲ್ಲ ಬರೆದದ್ದು ಇದಕ್ಕಾಗಿಯೇ. ಜಾತ್ರೆ ಬಂದಾಗ ನಮ್ಮ ಸೀಮೆಯ ಊರುಗಳಲ್ಲಿ ಕಬಡ್ಡಿ ಪಂದ್ಯಾವಳಿ ನಡೆಯುತ್ತದೆ. ಪಟ್ಟಿ ಎತ್ತಿ ಬಹುಮಾನ ಇಡುತ್ತಾರೆ. ಗೆಲ್ಲಬೇಕೆಂಬ ಹಟಕ್ಕೆ ಊರಿನ ತಂಡವೂ ಹೊರಗಿನಿಂದ ಒಬ್ಬ ರೇಡರನನ್ನು ದುಡ್ಡು ಕೊಟ್ಟು ಕರೆಸುತ್ತದೆ. ಅವನು ಜೀಪಿನಲ್ಲಿ ಬರುತ್ತಾನೆ, ಆಡುತ್ತಾನೆ, ಹೋಗುತ್ತಾನೆ. ವರ್ಷವಿಡೀ ಕರಿಮಣ್ಣಿನ ಹೆಂಟೆ ಒಡೆದು, ನೀರು ಚಿಮುಕಿಸಿ, ಸುಣ್ಣದಿಂದ ಗೆರೆ ಹಾಕಿ ಅಂಕಣ ಮಾಡಿದ ಹುಡುಗ ಅಂದು ಗೆರೆಯ ಹೊರಗೆ ನಿಂತು ಗೆಳೆಯರ ಅಂಗಿ ಹಿಡಿದುಕೊಂಡಿರುತ್ತಾನೆ. ಬುಲ್ಸ್ ಕೋಟಿಯಲ್ಲಿ ಮಾಡಿದ ತಪ್ಪನ್ನು ನಾವು ಸಾವಿರದಲ್ಲಿ ಮಾಡುತ್ತೇವೆ. ಕೋಟಿ ಇದ್ದವರಿಗೆ ಮರುವರ್ಷ ಇನ್ನೊಂದು ಹರಾಜು ಇದೆ. ಅಂಗಿ ಹಿಡಿದು ನಿಂತ ಹುಡುಗನಿಗೆ ಹದಿನೆಂಟು ಎರಡನೇ ಸಲ ಬರುವುದಿಲ್ಲ.

ಪ್ರೊ ಕಬಡ್ಡಿಯಲ್ಲಿ ಹೊಸ ಹುಡುಗರನ್ನು ಹರಾಜಿಗೆ ಮುಂಚೆಯೇ ತೆಗೆದುಕೊಳ್ಳಲು ‘ನ್ಯೂ ಯಂಗ್ ಪ್ಲೇಯರ್’ ಎಂಬ ಬಾಗಿಲಿದೆ. ಅಭಿಮಾನಿಗಳ ಜಗಳ ಆ ಬಾಗಿಲಿನ ಮುಂದೆ ನಡೆಯಲಿ. ಯಾರನ್ನು ತಂದರು, ಎಷ್ಟು ಪಂದ್ಯ ಆಡಿಸಿದರು, ಎರಡು ಪಂದ್ಯ ಕೆಟ್ಟರೆ ಕೂರಿಸಿದರೋ ನಂಬಿದರೋ ಎಂದು ಕೇಳೋಣ. ಜೇವರ್ಗಿಯ ಹುಡುಗ ಆ ಬಾಗಿಲು ತಟ್ಟಬೇಕಾದರೆ ಹೋಬಳಿ ಊರಾದ ಇಜೇರಿಗೆ ಒಂದು ಮ್ಯಾಟ್ ಬೇಕು ಎಂದೂ ಕೇಳೋಣ. ಪಾದಕ್ಕೆ ಮಣ್ಣು ಕಲಿಸುವ ಆಟ ಬೇರೆ, ಶೂ ಹಾಕಿ ಮ್ಯಾಟಿನ ಮೇಲೆ ತಿರುಗುವ ಆಟ ಬೇರೆ.

ಮೊನ್ನೆ ಸಂಜೆ ಅಂಕಣದ ಕಡೆ ಹೋಗಿದ್ದೆ. ಕತ್ತಲಾಗುತ್ತಿತ್ತು, ಎಲ್ಲರೂ ಮನೆಗೆ ಹೋಗಿದ್ದರು. ಇಬ್ಬರು ಹುಡುಗರು ಮಾತ್ರ ಕೈ ಕೈ ಹಿಡಿದು ಮೂಲೆಯಲ್ಲಿ ನಿಂತಿದ್ದರು, ಎದುರಿಗೆ ಮೂರನೆಯವನು ಕಾಲು ಚಾಚುತ್ತಿದ್ದ. ಹತ್ತು ಸಲ ಬಿದ್ದರು, ಹತ್ತೂ ಸಲ ಒಬ್ಬ ತಡವಾದ. ‘ನೀ ಕೈ ಬಿಟ್ಟಿದ್ದು ನನಗ ತಿಳೀಲಿಲ್ಲೋ’ ಎಂದು ಒಬ್ಬ ಬೈದ. ಮಣ್ಣು ಕೊಡವಿಕೊಂಡು ಮತ್ತೆ ಕೈ ಹಿಡಿದರು. ಈ ವರ್ಷದ ಪಟ್ಟಿ ದುಡ್ಡಿನಲ್ಲಿ ಹೊರಗಿನವನನ್ನು ಕರೆಸುವುದು ಬೇಡ ಎಂದು ಹಿರಿಯರ ಮುಂದೆ ನಾನು ಹೇಳುವವನಿದ್ದೇನೆ. ಸೋತರೆ ಈ ಇಬ್ಬರ ಜೊತೆ ಸೋಲೋಣ. ಮುಂದಿನ ವರ್ಷದ ಜಾತ್ರೆಗೆ ಇವರು ಒಂದು ವರ್ಷ ಒಟ್ಟಿಗೆ ಬಿದ್ದವರಾಗಿರುತ್ತಾರೆ.