ದುಡಿಮೆ ಗೆದ್ದುದೇನು?

'ಲಾಬೊರ್ ಓಮ್ನಿಯಾ ವಿಂಕಿತ್' — ದುಡಿಮೆ ಎಲ್ಲವನ್ನೂ ಗೆಲ್ಲುತ್ತದೆ. ಈ ಲ್ಯಾಟಿನ್ ಧ್ಯೇಯವಾಕ್ಯವು ಅಮೆರಿಕದ ಓಕ್ಲಹೋಮಾ ರಾಜ್ಯದ ಮುದ್ರೆಯಲ್ಲಿದೆ. ಇಂಗ್ಲೆಂಡಿನ ಉಣ್ಣೆಗಿರಣಿಗಳ ಊರಾದ ಬ್ರ್ಯಾಡ್‌ಫರ್ಡ್ ಒಂದು ಕಾಲದಲ್ಲಿ ಇದನ್ನು ಧರಿಸಿತ್ತು. 1886ರಲ್ಲಿ ಸ್ಥಾಪಿತವಾದ ಅಮೆರಿಕದ ಕಾರ್ಮಿಕ ಒಕ್ಕೂಟವೂ ಇದನ್ನೇ ಆರಿಸಿಕೊಂಡಿತು. ಗಿರಣಿಯೂರಿಗೂ ಕೂಲಿಗಾರರ ಸಂಘಕ್ಕೂ ಒಂದೇ ವಾಕ್ಯ ಒಪ್ಪಿತೆಂದರೆ ಅದರ ಮೂಲವನ್ನು ಪರಿಶೀಲಿಸುವುದು ಉಚಿತ.

ಮೂಲವಿರುವುದು ವರ್ಜಿಲ್ ಮಹಾಕವಿಯ (ಕ್ರಿ.ಪೂ. 70–19) 'ಜಾರ್ಜಿಕ್ಸ್' ಎಂಬ ಕಾವ್ಯದಲ್ಲಿ. ಕ್ರಿ.ಪೂ. 29ರ ಸುಮಾರಿಗೆ ಮುಗಿದ ಈ ಕೃತಿ ಬೇಸಾಯವನ್ನು ಕುರಿತದ್ದು, ನಾಲ್ಕು ಕಾಂಡಗಳುಳ್ಳದ್ದು. ಮೊದಲ ಕಾಂಡದಲ್ಲಿ ಕವಿ ಹೇಳುವುದಿಷ್ಟು: ಹಿಂದೆ ಭೂಮಿ ಬೇಡದೆಯೇ ಎಲ್ಲವನ್ನೂ ಕೊಡುತ್ತಿತ್ತು. ಮಾನವನ ಬುದ್ಧಿ ಜಡವಾಗದಿರಲೆಂದು ಜ್ಯೂಪಿಟರ್ ದೇವನು ಹಾವಿಗೆ ವಿಷವನ್ನಿಟ್ಟನು, ಬೆಂಕಿಯನ್ನು ಮರೆಮಾಡಿದನು. ಆಮೇಲೆ ಕಸುಬುಗಳು ಹುಟ್ಟಿದವು. ದುಡಿಮೆ ಎಲ್ಲವನ್ನೂ ಗೆದ್ದಿತು.

ಇಲ್ಲಿ ಎರಡು ಅಂಶಗಳು ಗಮನಾರ್ಹ. ಇಂದು ಅಂಗೀಕೃತವಾದ ಪಾಠದಲ್ಲಿ ಕ್ರಿಯಾಪದ 'ವಿಂಕಿತ್' ಅಲ್ಲ, 'ವೀಕಿತ್' — ಭೂತಕಾಲ. ಅದು ಮುಂದಿನ ಭರವಸೆಯಲ್ಲ, ನಡೆದುಹೋದ ಸಂಗತಿ. ಎರಡನೆಯದು, ದುಡಿಮೆಗೆ ಅಲ್ಲಿ 'ಇಂಪ್ರೊಬುಸ್' ಎಂಬ ವಿಶೇಷಣವಿದೆ: ಎಡೆಬಿಡದ, ಮಿತಿಗೆಟ್ಟ, ದುಷ್ಟ ಎಂದೂ ಅರ್ಥ. ಅದರ ಬೆನ್ನಲ್ಲೇ ದಾರಿದ್ರ್ಯದ ಒತ್ತಡದ ಮಾತೂ ಬರುತ್ತದೆ. ದುಡಿಮೆ ಕಷ್ಟಗಳನ್ನು ಗೆದ್ದಿತೋ, ಅಥವಾ ಬಾಳನ್ನೇ ಆಕ್ರಮಿಸಿತೋ ಎಂಬುದು ವಿದ್ವಾಂಸರಲ್ಲಿ ಚರ್ಚೆಯ ವಿಷಯ.

ಅದೇ ಕಾಂಡದ ಮುಂದಿನ ಭಾಗ ಎರಡನೆಯ ಅರ್ಥಕ್ಕೆ ಬಲ ಕೊಡುತ್ತದೆಂದು ನನ್ನ ಭಾವನೆ. ವರ್ಷವರ್ಷವೂ ದಪ್ಪ ಕಾಳನ್ನು ಕೈಯಿಂದ ಆರಿಸದಿದ್ದರೆ ಎಂಥ ಬಿತ್ತನೆಬೀಜವೂ ಕೆಡುತ್ತದೆ ಎನ್ನುತ್ತಾನೆ ಕವಿ. ಹೊಳೆಗೆ ಎದುರಾಗಿ ಹುಟ್ಟುಹಾಕುವವನು ಕ್ಷಣಕಾಲ ತೋಳು ಸಡಿಲಿಸಿದರೂ ಪ್ರವಾಹ ಅವನನ್ನು ಹಿಂದಕ್ಕೆಳೆಯುತ್ತದೆ ಎಂಬ ಉಪಮೆಯನ್ನೂ ಕೊಡುತ್ತಾನೆ. ಇದು ಜಯಘೋಷವಲ್ಲ, ಇದ್ದಲ್ಲಿ ನಿಲ್ಲುವುದಕ್ಕೂ ದುಡಿಯಬೇಕೆಂಬ ಅನುಭವದ ಮಾತು. ಅಂತರ್ಯುದ್ಧಗಳಲ್ಲಿ ರೈತರ ನೆಲ ಸೈನಿಕರ ಪಾಲಾದುದನ್ನು ಕಂಡಿದ್ದ ಕವಿ, ದುಡಿದವನು ಸೋಲುವುದೇ ಇಲ್ಲವೆಂದು ಹೇಗೆ ಹೇಳಿಯಾನು?

ಧ್ಯೇಯವಾಕ್ಯ ಆ ವಿಶೇಷಣವನ್ನು ಕತ್ತರಿಸಿತು, ಕಾಲವನ್ನು ಬದಲಿಸಿತು. ನಮ್ಮ ಗಾದೆಯಾದರೋ ಮೊಸರಿನೊಡನೆ ಕೈಯ ಕೆಸರನ್ನೂ ಉಳಿಸಿಕೊಂಡಿದೆ.

ಅಧ್ಯಾಪಕರಾದ ನಮಗೆ ಇದು ಬರಿಯ ಪಾಠಾಂತರದ ಪ್ರಶ್ನೆಯಲ್ಲ. ದುಡಿದರೆ ಗೆಲುವು ಖಂಡಿತವೆಂದು ಶಾಲೆಯ ಗೋಡೆಯ ಮೇಲೆ ಬರೆದಾಗ, ಹೊಲದಲ್ಲಿ ದುಡಿದು ಬಂದು ಪರೀಕ್ಷೆಯಲ್ಲಿ ಸೋತ ಹುಡುಗ ತಾನು ಸೋಮಾರಿಯೆಂದೇ ತಿಳಿಯುತ್ತಾನೆ. ದುಡಿಮೆಯನ್ನು ಕಲಿಸೋಣ, ಅದರ ಭಾರವನ್ನೂ ಮುಚ್ಚದೆ ಹೇಳೋಣ. ಕವಿ ಮುಚ್ಚಿರಲಿಲ್ಲ.