ನಂಬಿಕೆ ಮತ್ತು ನೀತಿ: ಕನ್ನಡದಲ್ಲಿ ಕ್ರೈಸ್ತತತ್ತ್ವ

ಕನ್ನಡ ಗದ್ಯದ ಚರಿತ್ರೆಯನ್ನು ಬರೆಯುವವರು ಪಾದ್ರಿಗಳ ನಿಘಂಟು ವ್ಯಾಕರಣಗಳನ್ನು ಕೊಂಡಾಡಿ ಮುಂದೆ ಸಾಗುವುದು ವಾಡಿಕೆ. ಆ ಪಾದ್ರಿಗಳು ತಮ್ಮ ಮತತತ್ತ್ವಗಳಿಗೆ ಆರಿಸಿಕೊಂಡ ಕನ್ನಡ ಪದಗಳು ಆ ತತ್ತ್ವಗಳ ಭಾರವನ್ನು ಹೊರಬಲ್ಲವೆ ಎಂಬ ವಿಚಾರ ನಡೆದಿರುವುದು ಕಡಮೆ. ನಮ್ಮ ಕಲ್ಯಾಣದುರ್ಗಕ್ಕೆ ಇದು ಹೊರಗಿನ ವಿಷಯವಲ್ಲ. 1882ರಲ್ಲಿ ಅನಂತಪುರ ಜಿಲ್ಲೆಯಾಗುವವರೆಗೆ ನಮ್ಮ ಸೀಮೆ ಬಳ್ಳಾರಿ ಜಿಲ್ಲೆಗೆ ಸೇರಿತ್ತು. 1810ರಲ್ಲಿ ಆ ಬಳ್ಳಾರಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸರೇ ಬೈಬಲ್ಲನ್ನು ಕನ್ನಡಿಸಿದವರು.

ಪ್ರಾಟೆಸ್ಟಂಟರ ಮೂಲತತ್ತ್ವವೂ ಭಾಷಾಂತರದ ಪ್ರಶ್ನೆಯೊಡನೆ ಹೆಣೆದುಕೊಂಡಿದೆ. 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದ ಮಾರ್ಟಿನ್ ಲೂಥರನು, ಪೌಲನು ರೋಮಾಪುರದವರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯದಲ್ಲಿ, ನಂಬಿಕೆಯ ಜೊತೆಗೆ ಗ್ರೀಕ್ ಮೂಲದಲ್ಲಿಲ್ಲದ 'ಮಾತ್ರ' ಎಂಬ ಪದವನ್ನು ಸೇರಿಸಿದನು. ವಿರೋಧಿಗಳು ಆಕ್ಷೇಪಿಸಲು, ಮಾತು ಹೇಗಿರಬೇಕೆಂಬುದನ್ನು ಮನೆಯ ತಾಯಿಯಿಂದಲೂ ಬೀದಿಯ ಮಕ್ಕಳಿಂದಲೂ ಸಂತೆಯ ಸಾಮಾನ್ಯನಿಂದಲೂ ಕೇಳಿ ತಿಳಿಯಬೇಕೆಂದು 1530ರಲ್ಲಿ ಉತ್ತರವಿತ್ತನು. ಆ ಒರೆಗಲ್ಲಿಗೇ ನಮ್ಮ ಪದಗಳನ್ನು ತಿಕ್ಕಿ ನೋಡೋಣ.

ಲೂಥರನ ದೃಷ್ಟಿಯಲ್ಲಿ ನಂಬಿಕೆಯೆಂದರೆ ದೇವರಿದ್ದಾನೆಂದು ಒಪ್ಪುವುದಷ್ಟೇ ಅಲ್ಲ, ಅವನ ಮೇಲೆ ಭಾರ ಹಾಕುವುದು. ನೆರೆಯ ತೆಲುಗು ಬೈಬಲ್ಲು ಇಲ್ಲಿ ಸಂಸ್ಕೃತದ 'ವಿಶ್ವಾಸ'ವನ್ನು ಹಿಡಿಯಿತು. ಕನ್ನಡ ಬೈಬಲ್ಲು ಅಚ್ಚಗನ್ನಡದ 'ನಂಬಿಕೆ'ಯನ್ನು ಹಿಡಿಯಿತು. ನಮ್ಮ ರೈತನು ಮಳೆಯನ್ನು ನಂಬಿ ಕಡಲೆಕಾಯಿ ಬಿತ್ತುತ್ತಾನೆ. ಮಳೆಯೆಂಬುದೊಂದಿದೆಯೆಂದು ಒಪ್ಪಿದನೆಂದು ಇದರ ಅರ್ಥವಲ್ಲ; ಮನೆಯ ಬೀಜವನ್ನೆಲ್ಲ ಅದರ ವಶಕ್ಕೆ ಕೊಟ್ಟನೆಂದು ಅರ್ಥ. ಲೂಥರನಿಗೆ ಬೇಕಾದ ಅರ್ಥವೂ ಇದೇ.

'ನೀತಿವಂತ'ನ ವಿಷಯ ಹಾಗಲ್ಲ. ದೇವರು ಪಾಪಿಯನ್ನು, ಅವನು ಪಾಪಿಯಾಗಿರುವಾಗಲೇ, ಕ್ರಿಸ್ತನ ನಿಮಿತ್ತ ನೀತಿವಂತನೆಂದು ಎಣಿಸುತ್ತಾನೆಂಬುದು ಲೂಥರನ ಬೋಧೆ. ಆದರೆ ನಮ್ಮ ಶಾಲೆಯ ಮಗುವಿಗೆ ನೀತಿಯೆಂದರೆ ನೀತಿಕಥೆಯ ನೀತಿ. ಸುಳ್ಳಾಡದವನು, ಕದಿಯದವನು ನೀತಿವಂತ. ಹೀಗಾಗಿ, ಗಳಿಸಿ ಪಡೆಯಲಾರದ್ದೆಂದು ಲೂಥರನು ಹೇಳಿದ್ದನ್ನೇ ಓದುಗನು ಸನ್ನಡತೆಯ ಸಂಬಳವೆಂದು ತಿಳಿಯುವ ಅಪಾಯವಿದೆ. ತೆಲುಗಿನ 'ನೀತಿಮಂತುಡು' ಎಂಬುದಕ್ಕೂ ಇದೇ ತೊಡಕು.

ಬಾಸೆಲ್ ಮಿಶನ್ನಿನ ಫರ್ಡಿನಾಂಡ್ ಕಿಟ್ಟೆಲರು (1832–1903) 1862ರ 'ಕಥಾಮಾಲೆ'ಯಲ್ಲಿ ಯೇಸುವಿನ ಚರಿತೆಯನ್ನು ಪದ್ಯಕ್ಕೆ ಇಳಿಸಿದರು. 1872ರ 'ಯಜ್ಞಸುಧಾನಿಧಿ'ಯಲ್ಲಿ ಯಜ್ಞದ ವಿಚಾರವನ್ನು ಎತ್ತಿಕೊಂಡರು. ಶಿಲುಬೆಯನ್ನು ಯಜ್ಞವೆಂದರೆ ಕನ್ನಡಿಗನಿಗೆ ಅದರ ಗಾಂಭೀರ್ಯ ಒಡನೆ ತಿಳಿಯುತ್ತದೆ, ನಿಜ. ಆದರೆ ಯಜ್ಞದಲ್ಲಿ ಯಜಮಾನನು ದೇವತೆಗೆ ಹವಿಸ್ಸನ್ನು ಕೊಡುತ್ತಾನೆ. ಕ್ರೈಸ್ತತತ್ತ್ವದಲ್ಲಿ ದೇವರೇ ಮನುಷ್ಯನಿಗಾಗಿ ತನ್ನನ್ನು ಕೊಟ್ಟುಕೊಳ್ಳುತ್ತಾನೆ, ಅದೂ ಒಮ್ಮೆಗೇ. ಈ ಭೇದವನ್ನು ಮರೆಸುವ ಹೋಲಿಕೆಯಿಂದ ಎರಡಕ್ಕೂ ನ್ಯಾಯ ದೊರೆಯದು. ವೇದದ ಯಜ್ಞವನ್ನು ಬೇರೊಂದರ ನೆರಳೆಂದಷ್ಟೇ ಕಂಡರೆ ಅದರ ಸ್ವಂತ ಅರ್ಥವೂ ಕೆಡುತ್ತದೆ.

ಹಾಗಾದರೆ 'ನೀತಿವಂತ'ವನ್ನು ತೆಗೆದುಹಾಕಬೇಕೆ? 'ನಿರ್ದೋಷಿ'ಯೆಂದರೆ ಅಪರಾಧ ಕಳೆದದ್ದು ತಿಳಿಯುತ್ತದೆ, ಹೊಸ ಸಂಬಂಧ ದೊರೆತದ್ದು ತಿಳಿಯದು. ಎರಡು ಶತಮಾನಗಳಿಂದ ಓದುಗರ ಬಾಯಲ್ಲಿ ಬೆಳೆದ ಪದವನ್ನು ಕೀಳುವುದಕ್ಕಿಂತ ಬಿಡಿಸಿ ಹೇಳುವುದು ಲೇಸು. ಯಾವ ಮತದ ಗ್ರಂಥವನ್ನು ಓದಿಸುವಾಗಲೂ ಅದರ ಪದವನ್ನು ನಮ್ಮ ವಾಡಿಕೆಯ ಅರ್ಥದಿಂದ ಅಳೆದುಬಿಡದೆ, ಆ ಗ್ರಂಥ ಅದಕ್ಕೆ ಕೊಟ್ಟ ಅರ್ಥವನ್ನು ಮೊದಲು ವಿಚಾರಿಸುವ ಅಭ್ಯಾಸವನ್ನು ಮಕ್ಕಳಲ್ಲಿ ಬೆಳೆಸುವುದು ಉಪಾಧ್ಯಾಯರಾದ ನಮ್ಮ ಕರ್ತವ್ಯ.