‘ಚೂಸ್’ ಮತ್ತು ‘ಚಾಯ್ಸ್’: ಮೂಲಾರ್ಥವಾದದ ಮಿತಿ

ಇಂಗ್ಲಿಷಿನ ‘ಚೂಸ್’ ಕ್ರಿಯಾಪದದ ನಿಜವಾದ ಅರ್ಥ ‘ರುಚಿ ನೋಡು’ ಎಂದೂ ‘ಆರಿಸು’ ಎಂಬುದು ಕೇವಲ ಲಾಕ್ಷಣಿಕವೆಂದೂ ಹೇಳುವ ವಿವರಣೆ ನಿರುಕ್ತಿಯ ಚರ್ಚೆಗಳಲ್ಲಿ ಕಾಣಿಸಿಕೊಳ್ಳುವುದುಂಟು. ಇದರ ಧ್ವನಿಶಾಸ್ತ್ರೀಯ ಆಧಾರವನ್ನು ನಾವು ಒಪ್ಪುತ್ತೇವೆ, ತೀರ್ಮಾನವನ್ನು ಒಪ್ಪಲಾರೆವು.

ಆಧಾರ ದೃಢವಾಗಿಯೇ ಇದೆ. ಪ್ರಾಚೀನ ಇಂಗ್ಲಿಷಿನ ‘ಚೇಓಸನ್’ (ಆರಿಸು), ಗಾಥಿಕ್ ಭಾಷೆಯ ‘ಕಿಉಸನ್’ (ಪರೀಕ್ಷಿಸು), ಲ್ಯಾಟಿನ್ನಿನ ‘ಗುಸ್ತಾರೆ’ (ರುಚಿ ನೋಡು), ಸಂಸ್ಕೃತದ ‘ಜುಷ್’ (ಪ್ರೀತಿಯಿಂದ ಸ್ವೀಕರಿಸು) ಇವು ಒಂದೇ ಇಂಡೋ-ಯುರೋಪಿಯನ್ ಧಾತುವಿನಿಂದ ಹುಟ್ಟಿದವು. ಲ್ಯಾಟಿನ್ನಿನ ಗಕಾರಕ್ಕೆ ಜರ್ಮಾನಿಕ್ ಕಕಾರ ಸಂವಾದಿಯಾಗುವುದು ಗ್ರಿಮ್ ನಿಯಮಕ್ಕೆ ಅನುಗುಣವಾಗಿದೆ. ಪ್ರಾಚೀನ ಇಂಗ್ಲಿಷಿನ ಭೂತಕೃದಂತ ‘ಕೊರೆನ್’ನಲ್ಲಿ ಸಕಾರದ ಸ್ಥಾನದಲ್ಲಿ ರೇಫ ಬರುವುದಕ್ಕೆ ವರ್ನರ್ ನಿಯಮ ಕಾರಣ. ಇಂಗ್ಲಿಷ್ ಮುಂದೆ ಸಾದೃಶ್ಯದಿಂದ ‘ಚೋಸನ್’ ಎಂಬ ರೂಪವನ್ನು ಪಡೆಯಿತು. ಚಕ್ರವರ್ತಿಯನ್ನು ಚುನಾಯಿಸುವ ಅಧಿಕಾರವಿದ್ದ ರಾಜನನ್ನು ಸೂಚಿಸುವ ಜರ್ಮನ್ ಪದ ‘ಕೂರ್‌ಫ್ಯುರ್ಸ್ಟ್’ನ ಪೂರ್ವಪದದಲ್ಲಿ ಆ ರೇಫ ಉಳಿದುಕೊಂಡಿದೆ.

ಆದರೆ ಧ್ವನಿನಿಯಮಗಳು ರೂಪಗಳ ಬಾಂಧವ್ಯವನ್ನು ಸ್ಥಾಪಿಸುತ್ತವೆಯೇ ಹೊರತು ಒಂದು ಅರ್ಥಕ್ಕೆ ಅಗ್ರಪಟ್ಟ ಕಟ್ಟುವುದಿಲ್ಲ. ‘ಚಾಯ್ಸ್’ ನಾಮಪದವನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ. ಅದು ‘ಚೂಸ್’ನಿಂದ ಸಾಧಿತವಾದ ರೂಪವಲ್ಲ. ದೇಶ್ಯ ನಾಮಪದವಾದ ‘ಕ್ಯುರೆ’ ಮರೆಯಾಗಿ, ಮಧ್ಯಕಾಲೀನ ಇಂಗ್ಲಿಷಿಗೆ ಹಳೆಯ ಫ್ರೆಂಚಿನಿಂದ ಬಂದ ಪದ ಅದು. ಆ ಫ್ರೆಂಚ್ ಪದದ ಮೂಲಕ್ರಿಯೆ ‘ಚೊಯ್ಸಿರ್’ ಕೂಡ ಜರ್ಮಾನಿಕ್‌ನಿಂದ ಪಡೆದ ಎರವಲು; ಹಳೆಯ ಫ್ರೆಂಚಿನಲ್ಲಿ ಅದಕ್ಕೆ ‘ಕಾಣು, ಕಂಡು ಗುರುತಿಸು’ ಎಂಬ ಅರ್ಥವಿತ್ತು. ಹೀಗೆ ಒಂದೇ ಧಾತು ಒಂದೆಡೆ ನಾಲಗೆಯನ್ನೂ ಇನ್ನೊಂದೆಡೆ ಕಣ್ಣನ್ನೂ ಆಶ್ರಯಿಸಿರುವಾಗ, ‘ನಿಜವಾದ’ ಅರ್ಥ ಯಾವುದೆಂಬ ಪ್ರಶ್ನೆಯೇ ನಿಲ್ಲುವುದಿಲ್ಲ.

ಪರೀಕ್ಷೆಗೂ ಆಯ್ಕೆಗೂ ಇರುವ ನಂಟು ಈ ಭಾಷಾಕುಟುಂಬದ ಸ್ವತ್ತೂ ಅಲ್ಲ. ಕನ್ನಡದ ‘ಆಯ್’ ಧಾತುವಿಗೆ ‘ಹೆಕ್ಕು, ಆರಿಸು’ ಎಂಬ ಅರ್ಥವಿದ್ದರೆ, ಅದರ ಜ್ಞಾತಿಪದವಾದ ತಮಿಳಿನ ‘ಆಯ್’ಗೆ ‘ಶೋಧಿಸು, ಪರಿಶೀಲಿಸು’ ಎಂಬ ಅರ್ಥವೂ ಇದೆ. ಇದು ಎರಡು ಕುಟುಂಬಗಳ ನಡುವಣ ರಕ್ತಸಂಬಂಧಕ್ಕೆ ಸಾಕ್ಷಿಯಲ್ಲ. ಸ್ವತಂತ್ರವಾಗಿ ಮೈದೋರಬಲ್ಲ ಅರ್ಥಸಂಬಂಧವೊಂದರ ನಿದರ್ಶನ.

ಆದ್ದರಿಂದ ಸಂಶೋಧಕರು ಧಾತುವಿನ ಅರ್ಥವನ್ನು ಇಂದಿನ ಪ್ರಯೋಗದ ಮೇಲೆ ಆರೋಪಿಸದೆ, ಪದ ನಡೆದುಬಂದ ದಾರಿಯನ್ನೂ ಎರವಲಿನ ದಿಕ್ಕನ್ನೂ ಪ್ರತ್ಯೇಕವಾಗಿ ದಾಖಲಿಸಬೇಕೆಂಬುದು ನಮ್ಮ ನಿಲುವು. ‘ಚೂಸ್’ ಮತ್ತು ‘ಚಾಯ್ಸ್’ ಎರಡಕ್ಕೂ ಒಂದೇ ಧಾತುವನ್ನು ಬರೆದು ಮುಗಿಸುವ ನಮೂದು ತಪ್ಪಲ್ಲದಿದ್ದರೂ ಅಪೂರ್ಣ.